ಗೋಡೆ ಬಿದ್ದರೂ ಉಳಿಯುವ ಕಿಟಕಿ

ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯಲ್ಲಿ ಹಳೆಯ ಮಣ್ಣಿನ ಮನೆಯೊಂದು ಮಳೆಗೆ ಕುಸಿದರೆ, ಜನ, ದನ, ಕಾಳುಕಡಿ ಹೊರಗೆ ಬಂದ ಮೇಲೆ ಮನೆಯವರು ಮಣ್ಣಿನ ಗುಡ್ಡೆಯಲ್ಲಿ ಹುಡುಕುವುದು ಮೂರು ವಸ್ತುಗಳನ್ನು: ತೊಲೆ, ಬಾಗಿಲು, ಕಿಟಕಿ. ಗೋಡೆಯ ಮಣ್ಣನ್ನು ಅಲ್ಲೇ ನೆನೆಹಾಕಿ, ತುಳಿದು ಮತ್ತೆ ಗೋಡೆ ಮಾಡಬಹುದು. ಕಟ್ಟಿಗೆಯ ಸಾಮಾನು ಹಾಗೆ ಸಿಗುವುದಿಲ್ಲ. ಅಜ್ಜನ ಕಾಲದ ಗೋಡೆಯಲ್ಲಿದ್ದ ಕಿಟಕಿ ಮಗನ ಕಾಲದ ಗೋಡೆಗೆ, ಅಲ್ಲಿಂದ ಮೊಮ್ಮಗನ ಕಾಲದ ಇಟ್ಟಿಗೆ ಗೋಡೆಗೆ ಹೋಗಿ ಕೂಡುತ್ತದೆ. ಹೀಗೆ ಎರಡು ಮೂರು ಗೋಡೆಗಳನ್ನು ಕಂಡ ಕಿಟಕಿಗಳು ಈ ಭಾಗದಲ್ಲಿ ಅಪರೂಪವೇನಲ್ಲ.

ಈಚಿನ ವರ್ಷಗಳಲ್ಲಿ ಈ ಕ್ರಮ ತಿರುವುಮುರುವಾಗಿದೆ. ಗೋಡೆ ಗಟ್ಟಿಯಾಗಿ ನಿಂತಿರುವಾಗಲೇ ಕಿಟಕಿಯನ್ನು ಕಿತ್ತು ಎಸೆಯಲಾಗುತ್ತಿದೆ. ಕೆಳಗಿನ ಪಟ್ಟಿ ಒಂದು ಗೇಣು ಕೊಳೆತಿದೆ, ಕದ ಜೋತುಬಿದ್ದಿದೆ, ಮಳೆಗಾಲದಲ್ಲಿ ಮುಚ್ಚಲು ಬರುವುದಿಲ್ಲ ಎಂಬಷ್ಟು ಕಾರಣಕ್ಕೆ ಇಡೀ ಚೌಕಟ್ಟು ಹೋಗಿ, ಅದರ ಜಾಗದಲ್ಲಿ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಕಿಟಕಿ ಬರುತ್ತದೆ. ದುರಸ್ತಿ ಎಂದರೆ ಬಡವರ ಉಪಾಯ, ಹೊಸದು ಕೂಡಿಸುವುದೇ ಸುಧಾರಣೆ ಎಂಬ ಭಾವನೆ ಬಲಿತಿದೆ. ಈ ಸೀಮೆಯ ಕಿಟಕಿಯ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಬೇರೆಯೇ ವಿಷಯ ತಿಳಿಯುತ್ತದೆ. ಇಲ್ಲಿನ ಕಟ್ಟಿಗೆಯ ಕಿಟಕಿ ರೂಪುಗೊಂಡದ್ದೇ ದುರಸ್ತಿಗೆ ಒದಗುವಂತೆ, ಬೇಕೆಂದಾಗ ಬಿಚ್ಚಿ ಬೇರೆಡೆಗೆ ಒಯ್ಯಲು ಬರುವಂತೆ.

ಮಲಪ್ರಭೆ ಬಾದಾಮಿ ತಾಲ್ಲೂಕಿನಲ್ಲಿ ಪಟ್ಟದಕಲ್ಲನ್ನು, ಮುಂದೆ ಐಹೊಳೆಯನ್ನು ಸವರಿಕೊಂಡು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಲಿತ, ಕೊನೆಗೆ ಐಕ್ಯರಾದ ಕ್ಷೇತ್ರವದು. ಶರಣರು ಬಳಸಿದ ಸ್ಥಾವರ, ಜಂಗಮ ಎಂಬ ಮಾತುಗಳು ಕನ್ನಡಿಗರಿಗೆಲ್ಲ ಪರಿಚಿತ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಆ ಮಾತುಗಳ ತತ್ತ್ವಾರ್ಥ ಬಹಳ ದೊಡ್ಡದು. ಆದರೂ ಮನೆಯ ಮಟ್ಟಿಗೆ ಅವನ್ನು ಎರವಲು ಪಡೆಯುವುದಾದರೆ, ಈ ನದಿಯ ದಂಡೆಯಲ್ಲಿ ಗೋಡೆ ಸ್ಥಾವರ, ಕಿಟಕಿ ಜಂಗಮ ಎನ್ನಬಹುದು.

ಕಣ್ಣು ಮತ್ತು ಕಿಂಡಿ

ಕಿಟಕಿ ಎಂಬ ಶಬ್ದ ಕನ್ನಡಕ್ಕೆ ಹೊರಗಿನಿಂದ ಬಂದದ್ದು. ಮರಾಠಿ, ಹಿಂದಿಗಳ ‘ಖಿಡಕಿ’ಯ ಬಳಗ ಅದು, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂದಿಗೂ ಖಿಡಕಿಯೇ. ನಮ್ಮದೇ ಆದ ಹಳೆಯ ಶಬ್ದಗಳು ಕಂಡಿ, ಕಿಂಡಿ, ಬೆಳಕಿಂಡಿ. ಸಂಸ್ಕೃತದಿಂದ ಬಂದವು ಗವಾಕ್ಷ, ವಾತಾಯನ, ಜಾಲಂಧ್ರ. ಗವಾಕ್ಷವೆಂದರೆ ಹಸುವಿನ ಕಣ್ಣು, ವಾತಾಯನವೆಂದರೆ ಗಾಳಿಯ ದಾರಿ, ಜಾಲಂಧ್ರವೆಂದರೆ ಬಲೆಯಂತೆ ತೂತುಗಳುಳ್ಳದ್ದು. ಇಂಗ್ಲಿಷಿನ ‘ವಿಂಡೋ’ ಕೂಡ ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ‘ಗಾಳಿಯ ಕಣ್ಣು’ ಎಂಬರ್ಥದ ಶಬ್ದದಿಂದ ಹುಟ್ಟಿದೆ. ಗೋಡೆಯ ತೂತನ್ನು ಕಣ್ಣೆಂದು ಕರೆಯುವುದು ಎರಡು ದೂರದ ನಾಡುಗಳಿಗೂ ಸಹಜವಾಗಿ ಹೊಳೆದ ಕಲ್ಪನೆ.

ಉತ್ತರ ಕರ್ನಾಟಕದ ಮನೆಯಲ್ಲಿ ಗವಾಕ್ಷಿ ಎಂದರೆ ಗೋಡೆಯ ಕಿಟಕಿಯಲ್ಲ, ಮಾಳಿಗೆಯ ಬೆಳಕಿಂಡಿ ಎಂಬುದನ್ನು ಇಲ್ಲಿ ನೆನೆಯಬೇಕು. ಸಪಾಟಾದ ಮಣ್ಣಿನ ಮೇಲ್ಮುದ್ದೆಯಲ್ಲಿ ಬಿಟ್ಟ ಈ ಕಿಂಡಿಯಿಂದ ಬೆಳಕು ಒಳಗೆ ಬರುತ್ತದೆ, ಅಡಿಗೆಮನೆಯ ಹೊಗೆ ಹೊರಗೆ ಹೋಗುತ್ತದೆ. ಮಳೆ ಬಂದಾಗ ಮಾಳಿಗೆ ಹತ್ತಿ ಅದರ ಮೇಲೆ ಫರಸಿ ಕಲ್ಲನ್ನೋ ಡಬ್ಬಿಯ ತಗಡನ್ನೋ ಮುಚ್ಚಬೇಕು. ಮಳೆ ಕಡಿಮೆ, ಬಿಸಿಲು ಹೆಚ್ಚು, ಧೂಳು ವಿಪರೀತ ಇರುವ ಈ ಬಯಲಿನಲ್ಲಿ ಬೆಳಕನ್ನು ಮೇಲಿನಿಂದ ಪಡೆದು, ಗೋಡೆಯ ಕಿಟಕಿಯನ್ನು ಚಿಕ್ಕದಾಗಿ ಇಟ್ಟುಕೊಂಡದ್ದು ವಿವೇಕವೇ ಆಗಿತ್ತು. ಆದರೆ ಎಲ್ಲ ಮನೆಗಳಿಗೂ ಕಿಟಕಿ ಇರಲಿಲ್ಲ. ಬಡವರ ಗುಡಿಸಲಿಗೆ ಬಾಗಿಲೇ ಕಿಟಕಿ. ಕದ, ಸರಳು, ಚಿಲಕ ಇದ್ದ ಕಿಟಕಿ ಮನೆಯ ಅಂತಸ್ತಿನ ಗುರುತಾಗಿತ್ತು. ಅದನ್ನು ಕಾಪಾಡಿಕೊಂಡು ಬಂದದ್ದಕ್ಕೆ ಇದೂ ಒಂದು ಕಾರಣ.

ಕಲ್ಲಿನ ಜಾಲಂಧ್ರ

ಈ ಸೀಮೆಯಲ್ಲಿ ನಮಗೆ ಉಳಿದು ಬಂದಿರುವ ಅತಿ ಹಳೆಯ ಕಿಟಕಿಗಳು ಕಲ್ಲಿನವು. ಐಹೊಳೆಯ ಲಾಡ್‌ಖಾನ್ ಗುಡಿಯ ಉತ್ತರ, ದಕ್ಷಿಣ ಗೋಡೆಗಳಲ್ಲಿ ಮರಳುಗಲ್ಲಿನ ಜಾಲಂಧ್ರಗಳಿವೆ. ದುರ್ಗ ಗುಡಿಯ ಗೋಡೆಯಲ್ಲಿ ಮೂರ್ತಿಗಳ ನಡುನಡುವೆ ಅವು ಕಾಣುತ್ತವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಂತೂ ಅವುಗಳ ವಿನ್ಯಾಸದ ವೈವಿಧ್ಯ ಬೆರಗು ಹುಟ್ಟಿಸುತ್ತದೆ. ಪಲ್ಲವರ ಕಂಚಿಯನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನ ಗೌರವಕ್ಕಾಗಿ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ದೇವಾಲಯವದು. ಕಟ್ಟಿದ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಸೂತ್ರಧಾರಿಗಳ ಹೆಸರುಗಳು ಅಲ್ಲಿನ ಶಾಸನಗಳಲ್ಲಿ ದಾಖಲಾಗಿವೆ.

ಲಾಡ್‌ಖಾನ್ ಗುಡಿಯ ಚಾವಣಿಯನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಹಾಸುಗಲ್ಲುಗಳ ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳಂತೆ ಹೊದಿಸಲಾಗಿದೆ. ಮರದಲ್ಲಿ ಕಟ್ಟಿ ಪಳಗಿದ ಕೈಗಳು ಅದೇ ರೂಪವನ್ನು ಕಲ್ಲಿಗೆ ಇಳಿಸಿದ್ದವೆಂದು ವಿದ್ವಾಂಸರು ಹೇಳುತ್ತಾರೆ. ಗುಡಿಯ ಹೆಸರೂ ಕುತೂಹಲದ್ದೇ. ಒಂದು ಕಾಲಕ್ಕೆ ಅದನ್ನೇ ಮನೆ ಮಾಡಿಕೊಂಡು ಲಾಡ್‌ಖಾನ್ ಎಂಬಾತ ವಾಸವಾಗಿದ್ದುದರಿಂದ ಆ ಹೆಸರು ನಿಂತಿತು. ಚಾಲುಕ್ಯರ ಜಾಲಂಧ್ರಗಳು ಹೀಗೆ ಕೆಲಕಾಲ ಮನುಷ್ಯರ ಮನೆಯ ಕಿಟಕಿಗಳೂ ಆಗಿದ್ದವು.

ಆದರೆ ಮರದ ಕಿಟಕಿಗೂ ಕಲ್ಲಿನ ಜಾಲಂಧ್ರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಜಾಲಂಧ್ರ ಒಂದೇ ಚಪ್ಪಡಿಯನ್ನು ಕೊರೆದು ಮಾಡಿದ್ದು. ಅದರ ಒಂದು ಎಳೆ ಮುರಿದರೆ ಆ ಎಳೆಯನ್ನು ಮಾತ್ರ ಬಿಚ್ಚಿ ಬದಲಿಸುವುದು ಸಾಧ್ಯವಿಲ್ಲ. ಮುರಿದದ್ದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಇಲ್ಲವೇ ಇಡೀ ಚಪ್ಪಡಿಯನ್ನೇ ಹೊಸದಾಗಿ ಕಡೆಯಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಕೈಪಿಡಿ ಇಂಥ ಸಂದರ್ಭದಲ್ಲಿ ಮೊದಲನೆಯ ದಾರಿಯತ್ತ ಒಲಿಯಿತು. ಇದ್ದದ್ದನ್ನು ಉಳಿಸುವುದೇ ಮೊದಲ ಕರ್ತವ್ಯ, ಹಳೆಯ ಕೆತ್ತನೆಯನ್ನು ಹೊಸದಾಗಿ ಮಾಡಲು ಹೊರಡಬಾರದು ಎಂಬುದು ಅದರ ತಿರುಳು. 1964ರ ವೆನಿಸ್ ಸನ್ನದು ಇನ್ನೊಂದು ಮಾತನ್ನು ಸೇರಿಸಿತು: ಕಳೆದುಹೋದ ಭಾಗಕ್ಕೆ ಹೊಸದನ್ನು ಕೂಡಿಸುವುದೇ ಆದರೆ ಅದು ಹಳೆಯದರೊಂದಿಗೆ ಹೊಂದಬೇಕು, ಆದರೆ ಹಳೆಯದೇ ಎಂದು ನೋಡುವವರನ್ನು ನಂಬಿಸಬಾರದು.

ಸ್ಮಾರಕಕ್ಕೆ ಇದು ಸರಿಯಾದ ನೀತಿ. ವಾಸದ ಮನೆಗೆ ಇದೊಂದೇ ಸಾಲದು. ಅಲ್ಲಿ ಕಿಟಕಿ ಮುಚ್ಚಬೇಕು, ತೆರೆಯಬೇಕು, ಮಳೆ ತಡೆಯಬೇಕು. ವೇಗ ಕಡಿಮೆಯಾದರೂ ಅಳಿಯುತ್ತಲೇ ಇರುವ ವಸ್ತುವನ್ನು ಬಳಕೆಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನಮ್ಮ ಬಡಿಗರ ಬಳಿ ಇತ್ತು. ಇಂಥ ಕಸುಬುದಾರರ ಜ್ಞಾನವೂ ಸಂರಕ್ಷಣೆಯ ಭಾಗವೇ ಎಂದು ಇಂಟ್ಯಾಕ್ ಸಂಸ್ಥೆಯ 2004ರ ಸನ್ನದು ಒಪ್ಪಿಕೊಂಡಿತು.

ಬಡಿಗರ ಲೆಕ್ಕಾಚಾರ

ಹಳೆಯ ಮನೆಯ ಕಿಟಕಿಯನ್ನು ಕಟ್ಟಿದ ಬಗೆ ನೋಡಿ. ಎರಡು ನಿಲುವು ಪಟ್ಟಿ, ಎರಡು ಅಡ್ಡ ಪಟ್ಟಿ. ಒಂದರ ತುದಿಯನ್ನು ನಾಲಗೆಯಂತೆ ಕೊರೆದು ಇನ್ನೊಂದರ ತೂತಿನಲ್ಲಿ ಕೂಡಿಸಿ, ಅಡ್ಡವಾಗಿ ಮರದ ಮೊಳೆ ಹೊಡೆದು ಬಿಗಿದಿರುತ್ತಾರೆ. ಸರಳುಗಳನ್ನು ಮೇಲಿನ ಕೆಳಗಿನ ಪಟ್ಟಿಗಳ ತೂತುಗಳಲ್ಲಿ ಇಳಿಸಿರುತ್ತಾರೆ. ಅಡ್ಡ ಪಟ್ಟಿಗಳ ತುದಿಗಳು ಎರಡೂ ಪಕ್ಕಕ್ಕೆ ಕಿವಿಯಂತೆ ಚಾಚಿಕೊಂಡು ಗೋಡೆಯಲ್ಲಿ ಹುದುಗಿರುತ್ತವೆ. ಚೌಕಟ್ಟನ್ನು ಮೊದಲು ನಿಲ್ಲಿಸಿ, ಅದರ ಸುತ್ತ ಗೋಡೆ ಏರಿಸುವುದು ಕ್ರಮ. ಗೋಡೆಯ ಭಾರವೇ ಆ ಕಿವಿಗಳನ್ನು ಹಿಡಿದಿಡುತ್ತದೆ. ತೆಗೆಯಬೇಕೆಂದಾಗ ಸುತ್ತಲಿನ ಮಣ್ಣು ಬಿಡಿಸಿದರೆ ಚೌಕಟ್ಟು ಇಡಿಯಾಗಿ ಕೈಗೆ ಬರುತ್ತದೆ. ಮರದ ಮೊಳೆ ಹಿಂದಕ್ಕೆ ಹೊಡೆದರೆ ಚೌಕಟ್ಟೂ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಪಟ್ಟಿಯೊಂದನ್ನು ತೆಗೆದು ಹೊಸದನ್ನು ಕೂಡಿಸಿದರೆ ಉಳಿದ ಮೂರು ಮತ್ತೆ ದುಡಿಯುತ್ತವೆ.

ಸಿಮೆಂಟ್ ಗೋಡೆಯಲ್ಲಿ ಈ ಅನುಕೂಲ ಇಲ್ಲ. ಕಬ್ಬಿಣದ ಪಟ್ಟಿಗಳಿಂದ ಬಿಗಿದು ಕಾಂಕ್ರೀಟು ತುಂಬಿದ ಚೌಕಟ್ಟನ್ನು ತೆಗೆಯಬೇಕಾದರೆ ಗೋಡೆಯನ್ನೋ ಚೌಕಟ್ಟನ್ನೋ ಒಡೆಯಲೇಬೇಕು. ಮರವು ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಅದರ ಅಂಚಿನಲ್ಲಿ ಸಿಮೆಂಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಇಳಿದ ನೀರು ಆರದೆ ಅಲ್ಲೇ ನಿಂತು ಮರವನ್ನು ಕೊಳೆಸುತ್ತದೆ. ಮಣ್ಣು ಮತ್ತು ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುವುದರಿಂದ ಮರಕ್ಕೆ ಆರಲು ಅವಕಾಶವಿತ್ತು. ಹಳೆಯ ಕಿಟಕಿಗಳ ದೀರ್ಘಾಯುಷ್ಯಕ್ಕೆ ಸಾಗವಾನಿಯ ಗುಣ ಎಷ್ಟು ಕಾರಣವೋ ಈ ಮಣ್ಣೂ ಅಷ್ಟೇ ಕಾರಣ.

ದುರಸ್ತಿ ಆಗ ವಿಶೇಷ ಸಂದರ್ಭವಾಗಿರಲಿಲ್ಲ. ಊರಿನ ಬಡಿಗರು ಆಯಗಾರರಲ್ಲಿ ಒಬ್ಬರು. ರೈತರ ನೇಗಿಲು, ಕುಂಟೆ, ಕೂರಿಗೆಗಳನ್ನು ವರ್ಷವಿಡೀ ಸರಿಮಾಡಿ ಕೊಡುವುದು ಅವರ ಹೊಣೆ, ಸುಗ್ಗಿಯಲ್ಲಿ ರಾಶಿಯಿಂದ ಕಾಳು ಪಡೆಯುವುದು ಅವರ ಹಕ್ಕು. ಸಾಮಾನು ಕೆಟ್ಟರೆ ಸರಿಪಡಿಸುವುದೇ ಮೊದಲ ಯೋಚನೆಯಾಗಿದ್ದ ಈ ಏರ್ಪಾಟಿನಲ್ಲಿ ಬೆಳೆದ ಕೈಗಳು ಮನೆಯ ಕಿಟಕಿಯನ್ನೂ ಹಾಗೆಯೇ ಕಂಡವು. ಟ್ರ್ಯಾಕ್ಟರ್ ಬಂದು ಕೂರಿಗೆ ಹೋದಂತೆ ಆಯವೂ ಸಡಿಲಿತು. ಬಾಚಿ, ಉಳಿ ಹಿಡಿದವರ ಮಕ್ಕಳು ಬೇರೆ ಕೆಲಸಗಳಿಗೆ ಹೋದರು. ಕಿಟಕಿ ಕೆಟ್ಟಾಗ ಕರೆಯಲು ಜನ ಇಲ್ಲದಂತಾದದ್ದು ಹೀಗೆ.

ನೀರು ಬಂದಾಗ

ಜಂಗಮ ಎಂಬ ಮಾತಿನ ಅರ್ಥ ಈ ಸೀಮೆಗೆ ಚೆನ್ನಾಗಿ ಮನದಟ್ಟಾದದ್ದು ಅಣೆಕಟ್ಟುಗಳ ಕಾಲದಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಕೂಡಲಸಂಗಮದವರೆಗೆ ಬಂತು. ಬಸವಣ್ಣನವರ ಐಕ್ಯಸ್ಥಳವನ್ನು ಸ್ಥಳದಲ್ಲೇ ಉಳಿಸಬೇಕಿತ್ತು. ಅದರ ಸುತ್ತ ಬಾವಿಯಾಕಾರದ ಎತ್ತರದ ಗೋಡೆ ಕಟ್ಟಲಾಯಿತು. ಭಕ್ತರು ಇಂದು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ, ಹೊರಗೆ ನೀರು ನಿಂತಿರುತ್ತದೆ. ಇದೇ ಕೃಷ್ಣೆಯ ಕೆಳಹರಿವಿನಲ್ಲಿ, ತುಂಗಭದ್ರೆ ಕೂಡುವಲ್ಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಅದು ಶ್ರೀಶೈಲ ಜಲಾಶಯದಲ್ಲಿ ಮುಳುಗುವುದಿತ್ತು. ಅದನ್ನು 1980ರ ಆಸುಪಾಸಿನಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು.

ಸಾಮಾನ್ಯರ ಮನೆಗಳಿಗೆ ಇಂಥ ಏರ್ಪಾಟು ಇರಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಬಾಗಲಕೋಟೆ ಪಟ್ಟಣದ ಹಳೆಯ ಬಡಾವಣೆಗಳೂ ಸುತ್ತಲಿನ ಅನೇಕ ಹಳ್ಳಿಗಳೂ ನೀರಿಗೆ ಹೋದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ತೆರಳಿದರು. ಹೋಗುವ ಮುಂಚೆ ತಮ್ಮ ಕೈಯಿಂದಲೇ ಮನೆ ಬಿಚ್ಚಿದವರು ಬಹಳ. ಗೋಡೆಗಳನ್ನು ನೀರಿಗೆ ಬಿಟ್ಟು ತೊಲೆ, ಕಂಬ, ಬಾಗಿಲು, ಕಿಟಕಿಗಳನ್ನು ಬಂಡಿಗೆ, ಲಾರಿಗೆ ಹೇರಿದರು. ಕೆಲವು ಹೊಸ ಮನೆಗಳಲ್ಲಿ ಮತ್ತೆ ಕೂಡಿದವು. ಕೆಲವು ಅಳತೆಗೆ ಹೊಂದದೆ ಹಳೆಯ ಕಟ್ಟಿಗೆಯ ವ್ಯಾಪಾರಿಗಳ ಪಾಲಾದವು. ಮರದ ಮನೆ ಬಿಚ್ಚಿ ಕಟ್ಟಲು ಬರುತ್ತದೆ ಎಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ದೊಡ್ಡ ಸಾಕ್ಷಿ. ವಿಜಯನಾಥ ಶೆಣೈ ಅವರು ಬೇರೆಬೇರೆ ಊರುಗಳಿಂದ ಮನೆಗಳನ್ನು ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲ್ ಅವುಗಳಲ್ಲೊಂದು.

ಈ ಕಥೆ ಮುಗಿದಿಲ್ಲ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಅವಕಾಶ ಕೊಟ್ಟಿತು. ಅದು ಜಾರಿಯಾದರೆ ಇನ್ನಷ್ಟು ಮನೆಗಳನ್ನು ಬಿಚ್ಚಬೇಕಾಗುತ್ತದೆ. 2009ರ ಮತ್ತು 2019ರ ಮಲಪ್ರಭೆಯ ಪ್ರವಾಹಗಳಲ್ಲೂ ದಂಡೆಯ ಹಳ್ಳಿಗಳ ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. 2009ರ ನಂತರ ಎದ್ದ ‘ಆಸರೆ’ ಮನೆಗಳು ಒಂದೇ ಮಾದರಿಯವು. ಆ ಅಳತೆಗಳಲ್ಲಿ ಹಳೆಯ ಕಿಟಕಿಗೆ ಜಾಗ ಹುಡುಕುವುದು ಸುಲಭವಾಗಿರಲಿಲ್ಲ.

ದುರಸ್ತಿಯ ಕ್ರಮ

ಹಾಗಾದರೆ ಕೆಟ್ಟ ಕಿಟಕಿಯನ್ನು ಮತ್ತೆ ಬಳಕೆಗೆ ತರುವುದು ಹೇಗೆ? ಮೊದಲು ರೋಗ ಎಲ್ಲಿದೆ ಎಂದು ಗೊತ್ತುಮಾಡಬೇಕು. ಮರದ ನಾರುಗಳು ತುದಿಯಿಂದ ನೀರನ್ನು ಬತ್ತಿಯಂತೆ ಹೀರುತ್ತವೆ. ಆದ್ದರಿಂದ ಮೊದಲು ಕೊಳೆಯುವುದು ನಿಲುವು ಪಟ್ಟಿಗಳ ಬುಡ ಮತ್ತು ಕೆಳಗಿನ ಅಡ್ಡ ಪಟ್ಟಿ. ದಬ್ಬಳದಿಂದ ಚುಚ್ಚಿ ನೋಡಿದರೆ ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಬೆಣ್ಣೆಯಂತೆ ಬಿಡುತ್ತದೆ. ಮೇಲೆ ಬಣ್ಣ ಸುಲಿದು ಭೀಕರವಾಗಿ ಕಾಣುವ ಕಿಟಕಿಯೂ ಒಳಗೆ ಗಟ್ಟಿಯಾಗಿರುವುದು ಸಾಮಾನ್ಯ. ಗೆದ್ದಲು ಹಿಡಿದಿದ್ದರೆ ಅದರ ಮಣ್ಣಿನ ದಾರಿ ಗೋಡೆಯಲ್ಲಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ಮೊದಲು ತಡೆಯಬೇಕು. ಇಲ್ಲದಿದ್ದರೆ ಹೊಸ ಮರವೂ ಅದಕ್ಕೆ ಊಟವಾಗುತ್ತದೆ.

ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕೊಯ್ದು, ಅದೇ ಜಾತಿಯ ಒಣಗಿದ ಮರದ ತುಂಡನ್ನು ನಾರಿನ ದಿಕ್ಕು ಹೊಂದುವಂತೆ ಕೂಡಿಸಿ ಮರದ ಮೊಳೆ ಹೊಡೆಯುವುದು ಬಡಿಗರ ಕ್ರಮ. ಓರೆ ಕೊಯ್ತದಿಂದ ಬೆಸುಗೆಗೆ ಹೆಚ್ಚು ಜಾಗ ಸಿಗುತ್ತದೆ. ಹೊರಮುಖಕ್ಕೆ ಇಳಿಜಾರಾಗಿ ಕೊಯ್ದರೆ ನೀರೂ ಹೊರಗೆ ಜಾರುತ್ತದೆ. ಹಳೆಯ ಮನೆಯ ಮುರಿದ ಜಂತಿಯ ತುಂಡು ಇದಕ್ಕೆ ಅತ್ಯುತ್ತಮ. ಅದು ಕುಗ್ಗುವುದನ್ನೆಲ್ಲ ಯಾವಾಗಲೋ ಕುಗ್ಗಿ ಮುಗಿಸಿರುತ್ತದೆ. ಜೋತುಬಿದ್ದ ಕದಕ್ಕೆ ಬಹುಪಾಲು ಕಾರಣ ಬಿಜಾಗರಿಯ ಸ್ಕ್ರೂ ತೂತು ಅಗಲವಾಗಿರುವುದು. ತೂತಿನಲ್ಲಿ ಬಿದಿರಿನ ಬೆಣೆ ಹೊಡೆದು ಅದರ ಮೇಲೆ ಮತ್ತೆ ಸ್ಕ್ರೂ ಬಿಗಿದರೆ ಸಾಕು.

ಮಳೆಗಾಲದಲ್ಲಿ ಮುಚ್ಚದ ಕದವನ್ನು ಆಗಲೇ ಕೀಸಬಾರದು. ತೇವಕ್ಕೆ ಮರ ಅಗಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಶ್ರಾವಣದಲ್ಲಿ ಕೀಸಿದ ಕದ ಚೈತ್ರದಲ್ಲಿ ಸಂದು ಬಿಟ್ಟುಕೊಂಡು ಧೂಳಿಗೆ ದಾರಿಯಾಗುತ್ತದೆ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವುದೂ ಅಪಾಯ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಷ್ಟೇ. ನೀರು ಚಿಮುಕಿಸಿ ಕೆರೆದು, ಉದುರಿದ್ದನ್ನು ಒದ್ದೆ ಅರಿವೆಯಿಂದ ಬಳಿದು ತೆಗೆಯಬೇಕು. ಮಕ್ಕಳನ್ನು ದೂರ ಇಡಬೇಕು.

ಕೊನೆಗೆ ಎಣ್ಣೆ. ಈ ಸೀಮೆಯಲ್ಲೇ ಬೆಳೆಯುವ ಅಗಸಿಯ ಎಣ್ಣೆಗೆ ಒಂದು ವಿಶೇಷ ಗುಣವಿದೆ. ಗಾಳಿಯ ಆಮ್ಲಜನಕ ಕೂಡಿದಂತೆ ಅದು ಗಟ್ಟಿಯಾಗಿ ಮರಕ್ಕೆ ಪೊರೆಯಾಗುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ, ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತವೆ. ಸೀಮೆಸುಣ್ಣದ ಪುಡಿಗೆ ಅಗಸಿ ಎಣ್ಣೆ ಕಲಸಿದರೆ ಗಾಜು ಕೂಡಿಸುವ ಪುಟ್ಟಿಯೂ ಆಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಬೇಕು.

ಕಾಯ್ದೆಯ ನೆರಳು

ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ನಿವಾಸಿಗಳಿಗೆ ದುರಸ್ತಿ ಎಂಬ ಶಬ್ದಕ್ಕೆ ಕಾಯ್ದೆಯ ತೂಕವೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬಹುದು. ಗುಡಿಗಳು ಮನೆಗಳ ನಡುವೆಯೇ ಇರುವ ಐಹೊಳೆಯಲ್ಲಿ ಊರಿನ ಬಹುಭಾಗ ಈ ಗೆರೆಯೊಳಗೆ ಬರುತ್ತದೆ. ಊರನ್ನೇ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ಎಂದು ಎಬ್ಬಿಸುತ್ತಾರೋ ಎಂಬ ಅನುಮಾನದಲ್ಲಿ ಬದುಕುವವರು ಮನೆಗೆ ಹಣ ಹಾಕಲು ಹಿಂಜರಿಯುತ್ತಾರೆ. ಗೋಡೆ ಉದುರುತ್ತದೆ, ಕಿಟಕಿ ಜೋಲುತ್ತದೆ. ಗುಡಿಯ ಜಾಲಂಧ್ರವನ್ನು ಕಾಯುವ ಕಾಯ್ದೆಯ ನೆರಳಿನಲ್ಲೇ ಪಕ್ಕದ ಮನೆಯ ಕಿಟಕಿ ಹಾಳಾಗುವುದು ಯಾರಿಗೂ ಲಾಭದ ಸಂಗತಿಯಲ್ಲ. ಹಳೆಯ ಸಾಮಾನಿನಿಂದಲೇ ಹಳೆಯ ಅಳತೆಯಲ್ಲೇ ಮಾಡುವ ಸಣ್ಣ ದುರಸ್ತಿಗೆ ಊರಿನಲ್ಲೇ ಒಪ್ಪಿಗೆ ಸಿಗುವಂತೆ ಮಾಡಿದರೆ ಸ್ಮಾರಕದ ಪರಿಸರಕ್ಕೂ ಒಳ್ಳೆಯದು.

ಹಳೆಯದೆಲ್ಲ ಶ್ರೇಷ್ಠ ಎಂಬ ವಾದ ಇದಲ್ಲ. ಹಳೆಯ ಮನೆಗಳ ಒಳಕೋಣೆಗಳು ಕತ್ತಲೆಯವು. ಹೊಗೆ ತುಂಬಿದ ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳ ಕಣ್ಣು, ಎದೆ ಕೆಟ್ಟದ್ದುಂಟು. ಹೊಸ ಕಿಟಕಿ ತೆರೆಯಬೇಕಾದಲ್ಲಿ ತೆರೆಯಲೇಬೇಕು, ಸೊಳ್ಳೆಗೆ ಜಾಳಿಗೆ ಹಾಕಲೇಬೇಕು. ಮರ ಸಿಗದ, ಸಿಕ್ಕರೂ ಕೈಗೆಟುಕದ ಇಂದಿನ ದಿನಗಳಲ್ಲಿ ಹೊಸ ಮನೆಗೆ ಕಬ್ಬಿಣದ ಕಿಟಕಿ ಕೂಡಿಸಿದವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಮರ ಇಷ್ಟು ದುಬಾರಿಯಾದ ಕಾಲದಲ್ಲಿ, ಇರುವ ಸಾಗವಾನಿಯ ಚೌಕಟ್ಟನ್ನು ಒಂದು ಗೇಣು ಕೊಳೆತಕ್ಕಾಗಿ ಒಲೆಗೆ ಹಾಕುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಈ ಸೀಮೆಯ ಮನೆಗಳಲ್ಲಿ ಯುಗಾದಿಗೆ ಮುಂಚೆ ಸುಣ್ಣ ಬಳಿಯುವ ರೂಢಿಯಿದೆ. ಮರ ಚೆನ್ನಾಗಿ ಒಣಗಿ ಕುಗ್ಗಿರುವ, ಮಳೆ ಇನ್ನೂ ದೂರವಿರುವ ಹೊತ್ತು ಅದು. ಕಿಟಕಿಗಳ ಬುಡವನ್ನು ದಬ್ಬಳದಿಂದ ಒಮ್ಮೆ ಚುಚ್ಚಿ ನೋಡಲು, ಬಿಜಾಗರಿ ಬಿಗಿಮಾಡಿ ಒಂದು ಕೈ ಅಗಸಿ ಎಣ್ಣೆ ಸವರಲು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ದಿನಗಳಿಲ್ಲ. ಊರಲ್ಲಿ ಉಳಿದಿರುವ ಒಬ್ಬಿಬ್ಬರು ಹಿರಿಯ ಬಡಿಗರಿಗೂ ಆಗ ಕೆಲಸ ಸಿಕ್ಕೀತು. ಅವರ ಪಕ್ಕದಲ್ಲಿ ನಿಂತು ನೋಡುವ ಹುಡುಗರೊಬ್ಬರಿಗೆ ವಿದ್ಯೆಯೂ ದಕ್ಕೀತು.